ಟ್ರೇಲರ್ ಎಳೆಯುವ ಟ್ರಕ್ಕು: ಅಣ್ಣನ ಮಗನಿಗೊಂದು ಕಿವಿಮಾತು

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ: "ಚಿಕ್ಕಪ್ಪಾ, ದೋಸೆ ಟ್ರೇಲರ್ ಎಳೆಯೋಕೆ ಪಿಕಪ್ ತಗೋಬೇಕು. ಡೀಸೆಲ್ಲೇ ತಗೊಂಡುಬಿಡ್ಲಾ?" ಡೆನ್ವರಿಗೆ ಬಂದ ಮೇಲೆ ನಾನು ಎರಡೂ ಬಗೆಯ ಟ್ರಕ್ಕು ಇಟ್ಟುಕೊಂಡಿದ್ದೆ, ಎರಡರಲ್ಲೂ ಭಾರ ಎಳೆದಿದ್ದೇನೆ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಸಹಿ ಹಾಕುವ ಮುಂಚೆ ಒಮ್ಮೆ ಓದು.

• ಮೊದಲು ಊರಿನ ಲೆಕ್ಕ ಮರೆತುಬಿಡು. ಡೀಸೆಲ್ ಅಂದರೆ ಅಗ್ಗ ಅನ್ನೋದು ಹಾಸನದಲ್ಲಿ ಬೆಳೆದ ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಅದು ತಿರುಗುಮುರುಗು. ಬಂಕಿನ ಬೋರ್ಡು ನೋಡು, ಇಲ್ಲಿಯವರು 'ಗ್ಯಾಸ್' ಅನ್ನುವ ಮಾಮೂಲಿ ಪೆಟ್ರೋಲಿಗಿಂತ ಡೀಸೆಲ್ ದರವೇ ಹೆಚ್ಚಿರುತ್ತದೆ. ಕೇಂದ್ರದ ತೆರಿಗೆಯೇ ಗ್ಯಾಲನ್ನಿಗೆ ಪೆಟ್ರೋಲಿಗೆ 18.4 ಸೆಂಟ್, ಡೀಸೆಲ್ಲಿಗೆ 24.4 ಸೆಂಟ್.

• ಇಂಜಿನ್ ನೋಡುವ ಮುಂಚೆ ಬಾಗಿಲು ತೆಗೆ. ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಹಳದಿ ಪಟ್ಟಿಯ ಒಂದು ಚೀಟಿ ಅಂಟಿಸಿರುತ್ತಾರೆ. ಜನ, ಸಾಮಾನು ಎಲ್ಲ ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿದೆ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಯುವ 'ಎಳೆಯುವ ಸಾಮರ್ಥ್ಯ'ಕ್ಕಿಂತ ಈ ಚೀಟಿಯ ಅಂಕಿ ನಿನಗೆ ಮುಖ್ಯ. ಆ ದೊಡ್ಡ ಅಂಕಿಗೆ ಜೆ2807 ಅನ್ನುವ ಪರೀಕ್ಷೆಯಿದೆ, ಅರಿಜೋನಾದ ಡೇವಿಸ್ ಡ್ಯಾಮ್ ಏರೇ ಅದಕ್ಕೆ ಅಳತೆಗೋಲು. ಅಷ್ಟಾದರೂ ಗಾಡಿಯಲ್ಲಿ ತಲಾ 150 ಪೌಂಡಿನ ಇಬ್ಬರೇ ಕೂತಿದ್ದಾರೆ ಅಂತ ಅದರ ಲೆಕ್ಕ. ನಿನ್ನ ಗಾಡಿಯಲ್ಲಿ ನೀನು, ನಿನ್ನ ಹೆಂಡತಿ, ಎರಡು ಮಕ್ಕಳು, ಹಿಂದೆ ಅಕ್ಕಿ ಮೂಟೆ, ಜನರೇಟರು. ಮೇಲೆ ಟ್ರೇಲರಿನ ಮೂತಿಯ ಭಾರ ಬೇರೆ. ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಕೊಕ್ಕೆಯ ಮೇಲೆ ಕೂರಬೇಕು, ಕಡಿಮೆಯಾದರೆ ಟ್ರೇಲರು ಹಾವಿನ ಹಾಗೆ ಓಲಾಡುತ್ತದೆ. 8,000 ಪೌಂಡಿನ ಟ್ರೇಲರಾದರೆ 800ರಿಂದ 1,200 ಪೌಂಡ್ ಅಲ್ಲೇ ಹೋಯಿತು. ಇದನ್ನೆಲ್ಲ ಕೂಡಿದರೆ ನೀನು ಆಸೆಪಟ್ಟಿರುವ ಎಫ್-150 ವರ್ಗದ ಬಹಳಷ್ಟು ಟ್ರಕ್ಕುಗಳು ಸಾಲುವುದಿಲ್ಲ. ಎಫ್-250, ಸಿಲ್ವರಾಡೊ 2500, ರ‍್ಯಾಮ್ 2500 ಇವುಗಳ ಸಾಲಿಗೇ ಬರಬೇಕು.

ಇಲ್ಲಿ ಬಹಳ ಜನ ಎಡವುತ್ತಾರೆ: ಡೀಸೆಲ್ ಇಂಜಿನ್ನೇ ಭಾರ. ಆ ಭಾರ ಕಳೆಯುವುದು ಇದೇ ಚೀಟಿಯ ಅಂಕಿಯಿಂದ. ಒಂದೇ ಮಾದರಿಯ ಪೆಟ್ರೋಲ್ ಗಾಡಿ ಮತ್ತು ಡೀಸೆಲ್ ಗಾಡಿಯನ್ನು ಪಕ್ಕಪಕ್ಕ ನಿಲ್ಲಿಸಿ ಚೀಟಿ ಓದು. ಡೀಸೆಲ್ಲಿನಲ್ಲಿ ಹೊರುವ ಶಕ್ತಿ ನೂರಾರು ಪೌಂಡ್ ಕಡಿಮೆ ಇರುವುದು ಸಾಮಾನ್ಯ.

• ಟ್ರೇಲರ್ ಮಾರಿದವನು ಹೇಳಿದ ತೂಕ ನಂಬಬೇಡ. ಅದು ಖಾಲಿ ಟ್ರೇಲರಿನ ತೂಕ. ಕಾವಲಿ, ಗ್ರೈಂಡರ್, ಪ್ರೊಪೇನ್ ಸಿಲಿಂಡರ್, ಹಿಟ್ಟಿನ ಡ್ರಮ್ಮು ಎಲ್ಲ ಆಮೇಲೆ ಬಂದದ್ದು. ನೀರು ಗ್ಯಾಲನ್ನಿಗೆ 8.34 ಪೌಂಡ್, 40 ಗ್ಯಾಲನ್ನಿನ ಟ್ಯಾಂಕ್ ತುಂಬಿದರೆ 330 ಪೌಂಡ್ ದಾಟಿತು. ಹೆದ್ದಾರಿಯ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ವೇ ಬ್ರಿಜ್ ಇರುತ್ತದೆ. ಹದಿನೈದು ಡಾಲರಿನ ಆಸುಪಾಸಿನಲ್ಲಿ ಪ್ರತಿ ಅಚ್ಚಿನ ತೂಕವನ್ನೂ ಬೇರೆಬೇರೆ ಮಾಡಿ ಚೀಟಿ ಕೊಡುತ್ತಾರೆ.

• ಈಗ ದುಡ್ಡಿನ ಮಾತು. ಡೀಸೆಲ್ ಇಂಜಿನ್ ಬೇಕೆಂದರೆ ಹೊಸ ಗಾಡಿಗೆ ಹತ್ತು ಸಾವಿರ ಡಾಲರಿನಷ್ಟು ಜಾಸ್ತಿ ಕೊಡಬೇಕಾಗುತ್ತದೆ. ನೀನು ವರ್ಷಕ್ಕೆ ನಲವತ್ತು ವಾರಾಂತ್ಯ, ಪ್ರತಿ ಸಲ ನೂರು ಮೈಲಿ ಎಳೆಯುತ್ತೀಯ ಅಂತಿಟ್ಟುಕೋ, 4,000 ಮೈಲಿ. ಭಾರ ಎಳೆಯುವಾಗ ಪೆಟ್ರೋಲ್ ಗಾಡಿ ಗ್ಯಾಲನ್ನಿಗೆ 9 ಮೈಲಿ, ಡೀಸೆಲ್ 12 ಮೈಲಿ ಕೊಡಲಿ. ಪೆಟ್ರೋಲು 3.10 ಡಾಲರ್, ಡೀಸೆಲ್ 3.60 ಅಂತ ಹಿಡಿದರೆ ಪೆಟ್ರೋಲಿಗೆ ವರ್ಷಕ್ಕೆ ಸುಮಾರು 1,380, ಡೀಸೆಲ್ಲಿಗೆ 1,200. ಉಳಿದದ್ದು 180 ಡಾಲರ್! ವರ್ಷಕ್ಕೆ 25,000 ಮೈಲಿ ಎಳೆಯುವವನಿಗೂ ಉಳಿಯುವುದು 1,100ರಷ್ಟೇ. ಡೀಸೆಲ್ಲಿಗೆ ಮರುಮಾರಾಟದಲ್ಲಿ ಒಳ್ಳೆ ಬೆಲೆ ಬರುತ್ತದೆ, ನಿಜ. ಆದರೆ ಆಯಿಲ್ ಬದಲಿಸಲು ಹತ್ತರಿಂದ ಹದಿಮೂರು ಕ್ವಾರ್ಟ್ ಬೇಕು, ಇಂಧನದ ಫಿಲ್ಟರುಗಳ ಖರ್ಚು ಬೇರೆ. ಉಳಿತಾಯಕ್ಕಾಗಿ ಡೀಸೆಲ್ ಅನ್ನುವ ಮಾತನ್ನು ನಿನ್ನಂಥವನು ಆಡಲೇಬಾರದು. ಡೀಸೆಲ್ ತೆಗೆದುಕೊಳ್ಳಬೇಕಾದ್ದು ಬೇರೆ ಕಾರಣಕ್ಕೆ.

• ಆ ಕಾರಣ ಬೆಟ್ಟ. ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ಪ್ರತಿ ಸಾವಿರ ಅಡಿ ಏರಿದಂತೆ ನೂರಕ್ಕೆ ಮೂರು ಭಾಗದಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗುವುದರಿಂದ. ಡೆನ್ವರೇ 5,280 ಅಡಿ. ಐ-70ರ ಐಸೆನ್‌ಹೋವರ್ ಸುರಂಗ 11,158 ಅಡಿ. ಅಲ್ಲಿಗೆ ತಲುಪುವ ಹೊತ್ತಿಗೆ ಮೂರನೇ ಒಂದು ಪಾಲು ಶಕ್ತಿ ಹೋಗಿರುತ್ತದೆ. ಫೋರ್ಡಿನ 7.3 ಲೀಟರ್ ಪೆಟ್ರೋಲ್ ಇಂಜಿನ್ನಿನ ಟಾರ್ಕ್ ಸುಮಾರು 485 ಪೌಂಡ್-ಫೀಟ್, ಅದೂ 4,000 ಸುತ್ತು ತಿರುಗಿದಾಗ. ಅದೇ ಕಂಪನಿಯ 6.7 ಲೀಟರ್ ಡೀಸೆಲ್ಲಿನದು 1,050, ಬರೀ 1,600 ಸುತ್ತಿಗೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಎತ್ತರದಲ್ಲೂ ಅದು ಅಷ್ಟಾಗಿ ಸೊರಗುವುದಿಲ್ಲ. ಪೆಟ್ರೋಲ್ ಗಾಡಿ ಕೂಗಿಕೊಂಡು ಹತ್ತುವ ಏರನ್ನು ಡೀಸೆಲ್ ಗಾಡಿ ಮಾತಾಡಿಕೊಂಡು ಹತ್ತುತ್ತದೆ.

• ಹತ್ತುವುದಕ್ಕಿಂತ ಇಳಿಯುವುದು ದೊಡ್ಡದು. ನಿನ್ನ ತಾತ ಸಕಲೇಶಪುರದಿಂದ ಮಂಗಳೂರಿಗೆ ಲಾರಿ ಓಡಿಸುತ್ತಿದ್ದರು. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಅನ್ನೋದು ಶಿರಾಡಿಯಲ್ಲಿ ಅವರ ವೇದವಾಕ್ಯ. ನಾನು ಅದನ್ನು ಮರೆತ ದಿನವೊಂದಿದೆ. ಹಳೆಯ ಪೆಟ್ರೋಲ್ ಟ್ರಕ್ಕಿಗೆ ಕ್ಯಾಂಪರ್ ಕಟ್ಟಿಕೊಂಡು ಆ ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆ ಇಳಿಯುತ್ತಿದ್ದೆ, ನೂರಕ್ಕೆ ಏಳರ ಇಳಿಜಾರು. ಬ್ರೇಕಿನ ಮೇಲೆ ಇಟ್ಟ ಕಾಲನ್ನು ತೆಗೆಯಲೇ ಇಲ್ಲ. ಎರಡು ಮೈಲಿಯಲ್ಲಿ ಸುಟ್ಟ ವಾಸನೆ ಬಂತು. ಪೆಡಲ್ಲು ಮೆತ್ತಗಾಗಿ ಕಾಲಿನ ಕೆಳಗೆ ಇಳಿಯುತ್ತಾ ಹೋಯಿತು. ನಿನ್ನ ಚಿಕ್ಕಮ್ಮ ಹಿಡಿಕೆ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಗೇರು ಇಳಿಸಿ, ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದಾಗ ಮುಂದಿನ ಚಕ್ರಗಳಿಂದ ಹೊಗೆ ಬರುತ್ತಿತ್ತು. ಒಂದು ಗಂಟೆ ಅಲ್ಲೇ ಕೂತೆವು. ಬ್ರೇಕ್ ತಪ್ಪಿದ ಲಾರಿಗಳಿಗಾಗಿ ಜಲ್ಲಿ ತುಂಬಿದ ರ‍್ಯಾಂಪುಗಳು ಆ ದಾರಿಯಲ್ಲಿ ಸುಮ್ಮನೆ ಇಲ್ಲ.

ಈಗಿನ ದೊಡ್ಡ ಡೀಸೆಲ್ ಪಿಕಪ್ಪುಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಇದೆ. ಗುಂಡಿ ಒತ್ತಿದರೆ ಟರ್ಬೊದ ರೆಕ್ಕೆಗಳು ಹೊಗೆಯ ದಾರಿಯನ್ನು ಕಿರಿದಾಗಿಸುತ್ತವೆ, ಇಂಜಿನ್ನೇ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಪೆಟ್ರೋಲ್ ಗಾಡಿಯಲ್ಲೂ ಟೋ-ಹಾಲ್ ಮೋಡ್ ಹಾಕಿದರೆ ತಾನೇ ಗೇರು ಇಳಿಸುತ್ತದೆ, ಆದರೆ ಹಿಡಿತ ಅಷ್ಟು ಗಟ್ಟಿಯಲ್ಲ.

• ವಾರದ ಉಳಿದ ದಿನ ಆ ಟ್ರಕ್ಕು ಏನು ಮಾಡುತ್ತದೆ? ಮಕ್ಕಳ ಶಾಲೆಗೆ ಎರಡು ಮೈಲಿ, ತರಕಾರಿಗೆ ಮೂರು ಮೈಲಿ ಅಂತಾದರೆ ಡೀಸೆಲ್ ಬೇಡ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರು ಅದರ ಕೊಳವೆಯಲ್ಲಿದೆ. ಆ ಮಸಿ ಸುಟ್ಟುಹೋಗಲು ಗಾಡಿ ಚೆನ್ನಾಗಿ ಕಾದು ಹೆದ್ದಾರಿಯಲ್ಲಿ ಓಡಬೇಕು. ಪುಟ್ಟಪುಟ್ಟ ಓಡಾಟದಲ್ಲಿ ಅದು ಕಟ್ಟಿಕೊಳ್ಳುತ್ತದೆ, ರಿಪೇರಿ ಬಿಲ್ಲು ಸಾವಿರಗಳಲ್ಲಿ ಬರುತ್ತದೆ.

• ಡಿಇಎಫ್ ಅನ್ನುವ ದ್ರವಕ್ಕೆ ನೀಲಿ ಮುಚ್ಚಳದ ಬೇರೆ ಟ್ಯಾಂಕ್ ಇರುತ್ತದೆ. ಅದು ಯೂರಿಯಾ ನೀರು, ನೂರಕ್ಕೆ 32.5 ಭಾಗ ಯೂರಿಯಾ. ಮೈನಸ್ 11 ಡಿಗ್ರಿ ಸೆಲ್ಸಿಯಸ್ಸಿಗೆ ಹೆಪ್ಪುಗಟ್ಟುತ್ತದೆ, ಗಾಡಿಯೇ ಅದನ್ನು ಕರಗಿಸಿಕೊಳ್ಳುತ್ತದೆ. ಮುಗಿಯುವ ತನಕ ಕಾಯಬೇಡ, ಖಾಲಿಯಾದರೆ ಗಾಡಿ ತೆವಳತೊಡಗುತ್ತದೆ. ಚಳಿಗಾಲದಲ್ಲಿ ಡೀಸೆಲ್ಲೂ ಮೇಣದಂತೆ ಗಟ್ಟಿಯಾಗುವುದುಂಟು, ಚಳಿಗಾಲದ ಡೀಸೆಲ್ಲನ್ನೇ ಹಾಕಿಸು, ರಾತ್ರಿ ಬ್ಲಾಕ್ ಹೀಟರ್ ಚುಚ್ಚಿಡು.

• ಡೀಸೆಲ್ ಗಾಡಿಗೆ ಪೆಟ್ರೋಲ್ ಬಿದ್ದರೆ, ಡೀಸೆಲ್ ಟ್ಯಾಂಕಿಗೆ ಡಿಇಎಫ್ ಬಿದ್ದರೆ ಇಂಜಿನ್ ಶುರು ಮಾಡಲೇಬೇಡ. ಟೋ ಮಾಡಿಸಿ ಟ್ಯಾಂಕ್ ಖಾಲಿ ಮಾಡಿಸು. ಡೀಸೆಲ್ ಪೈಪಿನ ಹಿಡಿಕೆ ಸಾಮಾನ್ಯವಾಗಿ ಹಸಿರು, ಆದರೆ ಕೆಲವು ಬಂಕುಗಳಲ್ಲಿ ಪೆಟ್ರೋಲಿಗೂ ಹಸಿರೇ. ಬಣ್ಣ ಬಿಟ್ಟು ಅಕ್ಷರ ಓದು.

• ಹಳೆಯ ಡೀಸೆಲ್ ಅಗ್ಗಕ್ಕೆ ಸಿಕ್ಕಿತು, "ಡಿಲೀಟ್ ಮಾಡಿಸಿದ್ದೇವೆ" ಅಂದರೆ ಅಲ್ಲಿಂದ ಎದ್ದು ಬಾ. ಹೊಗೆ ಶುದ್ಧಿಯ ಸಾಧನ ಕಿತ್ತುಹಾಕುವುದು ಅಮೆರಿಕದ ಕಾನೂನಿಗೆ ವಿರುದ್ಧ, ಡೆನ್ವರ್ ಸುತ್ತಮುತ್ತ ಡೀಸೆಲ್ ಗಾಡಿಗೂ ಹೊಗೆ ತಪಾಸಣೆ ಇದೆ. ನಾವು ಊಟ ಬಡಿಸಿ ಬದುಕುವವರು. ಮಕ್ಕಳು ಸಾಲಿನಲ್ಲಿ ನಿಂತ ಜಾಗಕ್ಕೆ ಕಪ್ಪು ಹೊಗೆ ಬಿಡುವ ಗಾಡಿ ತರಬಾರದು.

• ಯಾವುದೇ ತಗೋ, ಟ್ರೇಲರ್ ಬ್ರೇಕ್ ಕಂಟ್ರೋಲರ್ ಇರಲೇಬೇಕು.

• ನನ್ನ ತೀರ್ಪು: ನಿನ್ನ ಜಾತ್ರೆಗಳೆಲ್ಲ ಫೋರ್ಟ್ ಕಾಲಿನ್ಸಿನಿಂದ ಕೊಲರಾಡೊ ಸ್ಪ್ರಿಂಗ್ಸ್ ತನಕ ಬೆಟ್ಟದ ಕೆಳಗಿನ ಊರುಗಳಲ್ಲಿ. ಅದಕ್ಕೆ 2500 ವರ್ಗದ ಪೆಟ್ರೋಲ್ ಟ್ರಕ್ಕೇ ಸರಿ. ಉಳಿದ ಹತ್ತು ಸಾವಿರವನ್ನು ಎರಡನೇ ಕಾವಲಿಗೋ ಮಕ್ಕಳ ಓದಿಗೋ ಇಡು. ಪ್ರತಿ ವಾರ ವೇಲ್‌ಗೋ ಬ್ರೆಕೆನ್‌ರಿಜ್‌ಗೋ ಸುರಂಗ ದಾಟಿ ಹೋಗುವ ಗುತ್ತಿಗೆ ಸಿಕ್ಕಿದರೆ, ಇಲ್ಲವೇ ಟ್ರೇಲರಿನ ತೂಕ 12,000 ಪೌಂಡ್ ಮೀರಿದರೆ, ಎರಡನೇ ಯೋಚನೆ ಬೇಡ, ಡೀಸೆಲ್ ತಗೋ. ಆಗ ಕೊಟ್ಟ ಹೆಚ್ಚಿನ ದುಡ್ಡು ಆ ಇಳಿಜಾರಿಗೆ ಕೊಟ್ಟದ್ದು ಅಂದುಕೋ.

ಶನಿವಾರ ಬೆಳಿಗ್ಗೆ ಬಾ, ನನ್ನ ಟ್ರಕ್ಕಿಗೇ ಕಟ್ಟಿ ಟ್ರೇಲರನ್ನು ತೂಗಿಸಿಕೊಂಡು ಬರೋಣ. ನೀರಿನ ಟ್ಯಾಂಕು, ಸಿಲಿಂಡರು, ಹಿಟ್ಟಿನ ಡ್ರಮ್ಮು ಎಲ್ಲ ತುಂಬಿಸಿಟ್ಟಿರು. ಅಲ್ಲಿಯವರೆಗೆ ಯಾವ ಶೋರೂಮಿನಲ್ಲೂ ಮುಂಗಡ ಕಟ್ಟಬೇಡ.