ಸಿರೋಸಿಸ್ ಮತ್ತು ಮಧುಮೇಹ ಜೊತೆಗೂಡಿದಾಗ

ಯಕೃತ್ತಿನ ಸಿರೋಸಿಸ್ ಎಂದರೆ ಮದ್ಯಪಾನದ ಫಲವೆಂದೇ ಬಹುಮಂದಿ ಭಾವಿಸಿರುತ್ತಾರೆ. ಮದ್ಯವನ್ನು ಮುಟ್ಟದವರಲ್ಲಿ ಈ ರೋಗ ಕಂಡುಬಂದಾಗ ಅಪವಾದಕ್ಕೆ ಅಂಜಿ ಅದನ್ನು ಮುಚ್ಚಿಡುವ ಕುಟುಂಬಗಳೂ ಉಂಟು. ಕೊಚ್ಚಿ, ತಿರುವನಂತಪುರಗಳಂತಹ ನಗರಗಳಲ್ಲಿ ಈ ತಪ್ಪು ತಿಳಿವಳಿಕೆ ವಿಶೇಷವಾಗಿ ಹಾನಿಕರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಕೇರಳದ ವಯಸ್ಕರಲ್ಲಿ ಶೇಕಡ 25.5ರಷ್ಟು ಮಂದಿಗೆ ಮಧುಮೇಹವಿದೆ. ಮಧುಮೇಹ, ಬೊಜ್ಜು ಇರುವವರ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿ, ಕೆಲವರಲ್ಲಿ ಹಲವು ವರ್ಷಗಳ ಬಳಿಕ ಅಂಗವೇ ಗಾಯದ ಕಲೆಯಂತೆ ಗಡುಸಾಗುತ್ತದೆ. ಇದೇ ಸಿರೋಸಿಸ್.

ಆರೋಗ್ಯವಂತ ಯಕೃತ್ತು ಊಟದ ನಂತರ ಸಕ್ಕರೆಯನ್ನು ಸಂಗ್ರಹಿಸಿ, ಹಸಿವಿನ ವೇಳೆಯಲ್ಲಿ ರಕ್ತಕ್ಕೆ ಬಿಟ್ಟುಕೊಡುತ್ತದೆ. ಗಡುಸಾದ ಯಕೃತ್ತಿಗೆ ಈ ಎರಡೂ ಕಾರ್ಯಗಳು ಕಷ್ಟ. ಆದ್ದರಿಂದ ಒಬ್ಬನೇ ರೋಗಿಯಲ್ಲಿ ಊಟದ ಬಳಿಕ ಸಕ್ಕರೆ ಏರುವುದೂ, ಬೆಳಗಿನ ಜಾವದಲ್ಲಿ ಅಪಾಯಕರವಾಗಿ ಇಳಿಯುವುದೂ ಸಾಧ್ಯ. ರಕ್ತಹೀನತೆಯಿರುವ ಇಂತಹವರಲ್ಲಿ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯು ವಾಸ್ತವಕ್ಕಿಂತ ಕಡಿಮೆ ತೋರಿಸಬಹುದಾದ ಕಾರಣ, ಮನೆಯಲ್ಲಿ ಗ್ಲುಕೋಮೀಟರ್‌ನಿಂದ ನೋಡಿಕೊಳ್ಳುವುದು ಅವಶ್ಯ.

ಆಹಾರದ ವಿಷಯದಲ್ಲಿಯೇ ಹೆಚ್ಚಿನ ಗೊಂದಲ. ಸಕ್ಕರೆ ಕಾಯಿಲೆಗೆ ಹೆದರಿ ರಾತ್ರಿಯ ಊಟ ಬಿಡುವವರು ಅನೇಕರು. ಸಿರೋಸಿಸ್ ಇರುವವರು ಹೀಗೆ ಮಾಡಿದರೆ ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 1.2ರಿಂದ 1.5 ಗ್ರಾಂ ಸಸಾರಜನಕ ಬೇಕು. ಮೂತ್ರಪಿಂಡದ ತೊಂದರೆಯಿದ್ದಲ್ಲಿ ಪ್ರಮಾಣವನ್ನು ವೈದ್ಯರು ನಿರ್ಧರಿಸತಕ್ಕದ್ದು. ಕೇರಳದ ಅಡುಗೆಮನೆಯಲ್ಲಿ ಇದಕ್ಕೆ ಕೊರತೆಯಿಲ್ಲ: ಗಂಜಿಯೊಡನೆ ಹೆಸರುಕಾಳು, ಪುಟ್ಟಿನೊಡನೆ ಕಡಲೆ ಪಲ್ಯ, ಮೊಸರು. ಅನ್ನದ ಪಾಲು ಮಿತವಾಗಿರಲಿ, ಆದರೆ ಮಲಗುವ ಮುನ್ನ ಲಘು ಆಹಾರ ತಪ್ಪದಿರಲಿ. ಹೊಟ್ಟೆಯಲ್ಲಿ ನೀರು ತುಂಬಿರುವವರು ಉಪ್ಪನ್ನು ದಿನಕ್ಕೆ 5 ಗ್ರಾಂ ಮೀರದಂತೆ ನೋಡಿಕೊಳ್ಳಬೇಕು. ಒಣಮೀನು, ಉಪ್ಪಿನಕಾಯಿ, ಹಪ್ಪಳ ಇವು ಅವರಿಗೆ ಸಲ್ಲವು.

ಮನೆಯವರು ಮುಖ್ಯವಾಗಿ ಅರಿತಿರಬೇಕಾದ ಲಕ್ಷಣವೆಂದರೆ ಮಂಕು. ರೋಗಿಯು ಅಸಂಬದ್ಧವಾಗಿ ಮಾತನಾಡಿದರೆ, ಹಗಲು ನಿದ್ರಿಸಿ ಇರುಳು ಎಚ್ಚರವಿದ್ದರೆ, ಯಕೃತ್ತು ಶುದ್ಧಿಗೊಳಿಸದ ವಿಷಾಂಶಗಳು ಮಿದುಳನ್ನು ಬಾಧಿಸಿರಬಹುದು. ಮಲಬದ್ಧತೆ ಇದನ್ನು ಉಲ್ಬಣಗೊಳಿಸುತ್ತದೆ. ಆದರೆ ಸಕ್ಕರೆ ಇಳಿದಾಗಲೂ ಇದೇ ಮಂಕು ಕವಿಯುತ್ತದೆ. ಅನ್ನನಾಳದ ಉಬ್ಬಿದ ರಕ್ತನಾಳಗಳಿಗಾಗಿ ಪ್ರೊಪ್ರನಲಾಲ್ ಸೇವಿಸುವವರಲ್ಲಿ ಎದೆಬಡಿತ, ನಡುಕಗಳ ಮುನ್ಸೂಚನೆಯೂ ಇರಲಾರದು. ಊಹೆ ಬೇಡ, ಮೊದಲು ಬೆರಳಿನ ರಕ್ತ ಪರೀಕ್ಷಿಸಿರಿ. 70 ಮಿಲಿಗ್ರಾಂಗಿಂತ ಕಡಿಮೆಯಿದ್ದು ನುಂಗಲು ಶಕ್ತರಾಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕೊಟ್ಟು, 15 ನಿಮಿಷದ ಬಳಿಕ ಮತ್ತೆ ನೋಡಿರಿ. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಸಕ್ಕರೆ ಸರಿಯಿದ್ದೂ ಮಂಕು ಉಳಿದರೆ, ರಕ್ತವಾಂತಿಯಾದರೆ, ಮಲ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆಗಳು ಸಕ್ಕರೆಯನ್ನು ಅತಿಯಾಗಿ ಇಳಿಸಬಲ್ಲವು. ಮೆಟ್‌ಫಾರ್ಮಿನ್ ಆರಂಭದ ಹಂತದಲ್ಲಿ ಸಲ್ಲುತ್ತದೆ. ರೋಗ ಉಲ್ಬಣಿಸಿದ ಮೇಲೆ ಸಾಮಾನ್ಯವಾಗಿ ಇನ್ಸುಲಿನ್ನೇ ಆಧಾರ. ಕೀಲುನೋವಿಗೆ ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವಲ್ಲ. ಅಮೃತಬಳ್ಳಿಯ ಸೇವನೆಯ ನಂತರ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ನಮ್ಮ ದೇಶದಲ್ಲಿಯೇ ವರದಿಯಾಗಿವೆ. ಮಧುಮೇಹ, ರಕ್ತದೊತ್ತಡ, ಯಕೃತ್ತು ಒಂದೊಂದಕ್ಕೆ ಒಬ್ಬೊಬ್ಬ ವೈದ್ಯರಿರುವಾಗ ಎಲ್ಲ ಔಷಧಗಳ ಒಂದೇ ಪಟ್ಟಿಯನ್ನು ಎಲ್ಲರಿಗೂ ತೋರಿಸುವುದು ರೋಗಿಯ ಹೊಣೆಯಾಗಿಬಿಡುತ್ತದೆ.

ಯಕೃತ್ತಿನ ಕ್ಯಾನ್ಸರನ್ನು ಬೇಗ ಗುರುತಿಸಲು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಆಗಬೇಕು. ಕಸಿಯ ಅಗತ್ಯ ಬಂದಲ್ಲಿ ಎರಡೂ ನಗರಗಳಲ್ಲಿ ಸೌಲಭ್ಯವಿದೆ. ಮೃತದಾನಿಗಳ ಅಂಗಹಂಚಿಕೆಗಾಗಿ ಕೇರಳವು 2012ರಲ್ಲಿ ಮೃತಸಂಜೀವನಿ ಯೋಜನೆಯನ್ನು ಆರಂಭಿಸಿತು. ನೋಂದಣಿಯು ಚಿಕಿತ್ಸೆ ನೀಡುವ ಆಸ್ಪತ್ರೆಯ ಮೂಲಕ ನಡೆಯುತ್ತದೆ. ಕಾಸರಗೋಡಿನಿಂದ ಅಷ್ಟು ದೂರ ಬರುವ ಕನ್ನಡಿಗರು ಔಷಧಪಟ್ಟಿ, ಹಿಂದಿನ ವರದಿ ಹಾಗೂ ಸಕ್ಕರೆಯ ದಿನಚರಿ ಪುಸ್ತಕವನ್ನು ತಪ್ಪದೆ ಜೊತೆಗಿರಿಸಿಕೊಳ್ಳಬೇಕು.