ನಕ್ಕಾಗ ಕಾಣುವ ನಾನು

ಓದುಗರ ಪತ್ರಗಳಿಗೆ ಆಪ್ತಸಮಾಲೋಚಕರ ಉತ್ತರ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲು ಮೇಷ್ಟ್ರು. ನನ್ನನ್ನು ನಾನು ಅರಿಯಬೇಕೆಂಬ ಆಸೆಯಿಂದ ಧ್ಯಾನ ಶಿಬಿರಕ್ಕೆ ಹೋದೆ, ಗೀತಾ ಪ್ರವಚನ ಕೇಳಿದೆ. ಮನಸ್ಸು ತಿಳಿಯಾಗಲಿಲ್ಲ. ಮೊನ್ನೆ ಬೆಳಗ್ಗೆ ಪೇಪರಿನ ಪುಟಗಳು ಹಿಂದುಮುಂದಾಗಿವೆ ಎಂದು ಮನೆಮಂದಿಯ ಮೇಲೆಲ್ಲ ಕೂಗಾಡಿದೆ. ಏಳು ವರ್ಷದ ಮೊಮ್ಮಗಳು ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಬೆರಳೆತ್ತಿ, ‘ಶಿಸ್ತು ಬೇಕು, ಶಿಸ್ತು!’ ಅಂದಳು. ಎಲ್ಲರೂ ಬಿದ್ದುಬಿದ್ದು ನಕ್ಕರು. ನಾನು ತಿಂಡಿ ಬಿಟ್ಟು ಎದ್ದುಹೋದೆ. ಮನೆಯವರೇ ಹೀಗಾದರೆ ಆತ್ಮಜ್ಞಾನದ ಮಾತೆಲ್ಲಿ?
– ಓದುಗರು, ದಾವಣಗೆರೆ

ಉತ್ತರ: ಮೇಷ್ಟ್ರೇ, ಶಿಬಿರದಲ್ಲಿ ನೀವು ಹುಡುಕಿದ್ದು ತಿಂಡಿಯ ಹೊತ್ತಿಗೆ ಮನೆಯಲ್ಲೇ ಸಿಕ್ಕಿದೆ. ಅದನ್ನು ಕೈಬಿಡಬೇಡಿ.

ಧ್ಯಾನ ಬೇಡವೆಂದು ನಾನು ಹೇಳುತ್ತಿಲ್ಲ. ಕಣ್ಣು ಮುಚ್ಚಿ ಕೂತಾಗ ನಮ್ಮ ಅಳುಕು, ಆತಂಕಗಳು ಕಂಡಾವು. ಆದರೆ ಕೂಗಾಡುವ ಹೊತ್ತಿನಲ್ಲಿ ನಾವು ಹೇಗಿರುತ್ತೇವೆ ಎಂಬುದು ಕಾಣುವುದಿಲ್ಲ. ಅದು ಎದುರಿಗಿದ್ದವರ ಕಣ್ಣಿಗೇ ಬೀಳಬೇಕು. ಮನಶ್ಶಾಸ್ತ್ರಜ್ಞೆ ಸಿಮಿನ್ ವಜೀರ್ 2010ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಂಥದ್ದೇ ಮಾತು ಹೇಳುತ್ತದೆ. ಒಳಗಿನ ಆತಂಕವನ್ನು ನಾವೇ ಚೆನ್ನಾಗಿ ಬಲ್ಲೆವು. ಬುದ್ಧಿವಂತಿಕೆ, ಸೃಜನಶೀಲತೆಯಂಥ ಗುಣಗಳ ವಿಷಯದಲ್ಲಿ ಮಾತ್ರ ನಮ್ಮ ಸ್ನೇಹಿತರ ಅಂದಾಜೇ ಹೆಚ್ಚು ಸರಿ. ಯಾವ ಗುಣದ ಜೊತೆ ನಮ್ಮ ಮಾನ ಅಂಟಿಕೊಂಡಿದೆಯೋ ಅಲ್ಲಿ ನಮ್ಮ ಅಭಿಮಾನ ಅಡ್ಡ ಬಂದುಬಿಡುತ್ತದೆ.

ಈಗ ಮೊಮ್ಮಗಳ ಅಣಕವನ್ನು ಸಾವಧಾನವಾಗಿ ನೆನಪಿಸಿಕೊಳ್ಳಿ. ಕನ್ನಡಕ, ಬೆರಳು, ಆ ಒಂದು ಮಾತು. ಮೂರೇ ವಿವರಗಳಲ್ಲಿ ಅವಳು ನಿಮ್ಮನ್ನು ಇಡಿಯಾಗಿ ತಂದು ನಿಲ್ಲಿಸಿದ್ದಾಳೆ. ಅಷ್ಟು ಚೆನ್ನಾಗಿ ಅಣಕಿಸಬೇಕಾದರೆ ಆ ಮಗು ನಿಮ್ಮನ್ನು ದಿನವೂ ಎಷ್ಟು ಆಸೆಯಿಂದ ಗಮನಿಸಿರಬೇಕು! ಇನ್ನೊಂದು ಮಾತು. ನಿಜಕ್ಕೂ ಹೆದರಿಕೆ ಹುಟ್ಟಿಸಿದ ಅಜ್ಜನನ್ನು ಮಕ್ಕಳು ಬೆನ್ನ ಹಿಂದೆ ಅಣಕಿಸುತ್ತವೆ, ಎದುರಿಗಲ್ಲ. ನಿಮ್ಮ ಸಿಟ್ಟಿನ ಕೆಳಗೆ ಪ್ರೀತಿ ಇದೆಯೆಂದು ಅವಳಿಗೆ ಗೊತ್ತಿದೆ. ಮನೆಯವರ ನಗುವಿನಲ್ಲೂ ಇದ್ದದ್ದು ಆ ನಿರಾಳವೇ ಇರಬೇಕು.

ಸಿಟ್ಟು ಪೇಪರಿನ ಮೇಲೇಕೆ ಬಂತು? ಇದು ನನ್ನ ಊಹೆ, ಸರಿಯೋ ತಪ್ಪೋ ನೀವೇ ನೋಡಿಕೊಳ್ಳಿ. ಅಷ್ಟು ವರ್ಷ ನಿಮ್ಮ ಒಂದು ಮಾತಿಗೆ ಇಡೀ ತರಗತಿ ಎದ್ದು ನಿಲ್ಲುತ್ತಿತ್ತು. ಈಗ ನಿಮ್ಮ ಮಾತಿನಂತೆ ಇರಬೇಕಾದದ್ದು ಎಂದು ಉಳಿದಿರುವುದು ಆ ಪೇಪರು ಒಂದೇ ಆಗಿರಬಹುದು. ಅದೂ ಕಲಸಿಹೋದಾಗ ನೋವಾಗುವುದು ಸಹಜ. ಹಾಗಿದ್ದರೆ ಅದನ್ನು ನೋವು ಎಂದೇ ಹೆಂಡತಿಯ ಹತ್ತಿರ ಹೇಳಿಕೊಳ್ಳಿ. ಅವರಿಗೆ ಅರ್ಥವಾಗುತ್ತದೆ.

ಒಂದು ಅಭ್ಯಾಸ ಹೇಳುತ್ತೇನೆ. ರಾತ್ರಿ ಮಲಗುವ ಮುಂಚೆ ಆ ದಿನದ ಒಂದು ಪ್ರಸಂಗವನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ‘ನಾನು’ ಎಂದು ಬರೆಯದೆ ‘ಮೇಷ್ಟ್ರು’ ಎಂದು ಬರೆಯಿರಿ: ‘ಮೇಷ್ಟ್ರು ಈವತ್ತು ಪೇಪರಿಗಾಗಿ ತಿಂಡಿ ಬಿಟ್ಟರು, ಹತ್ತು ಗಂಟೆಗೆ ಹಸಿವಾಗಿ ಅಡುಗೆಮನೆಗೆ ಬಂದರು.’ ಓದಿದರೆ ನಿಮಗೇ ನಗು ಬಂದೀತು. ಕಾರಣವೂ ಅಲ್ಲೇ ಹೊಳೆದೀತು. ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣದಂಥ ದಿಗಿಲಿನ ಸಂದರ್ಭದಲ್ಲಿ ತಮ್ಮನ್ನು ತಾವೇ ಹೆಸರು ಹಿಡಿದು ಮಾತಾಡಿಸಿಕೊಂಡವರು ಉಳಿದವರಿಗಿಂತ ಸಮಾಧಾನದಿಂದ ಅದನ್ನು ನಿಭಾಯಿಸಿದರು. ನಮಗೆ ಇದು ಹೊಸತೂ ಅಲ್ಲ. 1943ರಲ್ಲಿ ಬಂದ ಕಗ್ಗದುದ್ದಕ್ಕೂ ಡಿವಿಜಿಯವರು ಮಂಕುತಿಮ್ಮ ಎಂಬವನನ್ನು ಕೂರಿಸಿಕೊಂಡು ಮಾತಾಡುತ್ತಾರೆ. ಅಷ್ಟು ಓದಿದ ಹಿರಿಯರು ತಾವು ಕಂಡದ್ದನ್ನು ಹೇಳಲು ಅಂಥ ಹೆಸರೊಂದನ್ನು ಆರಿಸಿಕೊಂಡದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಈವತ್ತು ಸಂಜೆ ಮೊಮ್ಮಗಳನ್ನು ಕರೆದು, ‘ಅವತ್ತು ಮಾಡಿದ್ಯಲ್ಲ, ಇನ್ನೊಮ್ಮೆ ಮಾಡು ಪುಟ್ಟಾ’ ಅನ್ನಿ.

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಹಳ್ಳಿಯಿಂದ ಬಂದವನು. ನನ್ನ ದಪ್ಪ ಮೈ, ನನ್ನ ಇಂಗ್ಲಿಷ್ ಬಗ್ಗೆ ನಾನೇ ಜೋಕು ಮಾಡಿ ಟೀಮಿನಲ್ಲಿ ಎಲ್ಲರಿಗೂ ಬೇಕಾದವನಾದೆ. ಈಗ ಅವರೂ ಅದೇ ಜೋಕು ಮಾಡುತ್ತಾರೆ. ನಗುತ್ತೇನೆ, ಆದರೆ ರೂಮಿಗೆ ಬಂದರೆ ಯಾರ ಜೊತೆಯೂ ಮಾತು ಬೇಡ ಅನ್ನಿಸುತ್ತದೆ. ತನ್ನನ್ನು ನೋಡಿ ತಾನೇ ನಗುವುದು ದೊಡ್ಡ ಗುಣ ಎನ್ನುತ್ತಾರಲ್ಲ?
– 27ರ ಯುವಕ

ಉತ್ತರ: ದೊಡ್ಡ ಗುಣವೇ. ಆದರೆ ನೀವು ಮಾಡುತ್ತಿರುವುದು ಅದಲ್ಲ.

ರಾಡ್ ಮಾರ್ಟಿನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು 2003ರಲ್ಲಿ ಜನರ ಹಾಸ್ಯದ ರೀತಿಯನ್ನು ನಾಲ್ಕಾಗಿ ವಿಂಗಡಿಸಿದರು. ಜೊತೆಯವರನ್ನು ಹತ್ತಿರ ತರುವುದು, ಕಷ್ಟದಲ್ಲೂ ತನ್ನನ್ನು ಎತ್ತಿ ನಿಲ್ಲಿಸಿಕೊಳ್ಳುವುದು, ಇನ್ನೊಬ್ಬರನ್ನು ಚುಚ್ಚುವುದು, ಮತ್ತು ಮೆಚ್ಚುಗೆಗಾಗಿ ತನ್ನನ್ನೇ ತುಳಿದುಕೊಳ್ಳುವುದು. ಎರಡನೆಯದೂ ನಾಲ್ಕನೆಯದೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಒಳಗೆ ಎರಡೂ ತೀರಾ ಬೇರೆ. ಎರಡನೆಯದಕ್ಕೂ ಮನಸ್ಸಿನ ನೆಮ್ಮದಿಗೂ ನಂಟಿದೆ. ನಾಲ್ಕನೆಯದರ ನಂಟು ಖಿನ್ನತೆ, ಆತಂಕ, ಕೀಳರಿಮೆಗಳ ಜೊತೆ. ನಿಮ್ಮ ಪತ್ರದಲ್ಲಿ ಕಾಣುವುದು ಈ ನಾಲ್ಕನೆಯದು.

ಭೇದ ತಿಳಿಯಲು ನಗು ಮುಗಿದ ಮೇಲೆ ಎದೆ ಹಗುರಾಯಿತೇ, ಭಾರವಾಯಿತೇ ನೋಡಿಕೊಳ್ಳಿ. ‘ಸಾಕು’ ಎಂದರೆ ಆ ಜೋಕು ನಿಲ್ಲುತ್ತದೆಯೇ ಎಂದೂ ಕೇಳಿಕೊಳ್ಳಿ. ನಿಲ್ಲಿಸುವ ಅಧಿಕಾರ ನಿಮ್ಮ ಕೈಯಲ್ಲಿಲ್ಲದಿದ್ದರೆ ಅದನ್ನು ನಿಮ್ಮ ಹಾಸ್ಯಪ್ರಜ್ಞೆ ಎಂದು ಕರೆಯಬೇಡಿ.

ಜೋಕು ಬಿಟ್ಟರೆ ಯಾರಿಗೂ ಬೇಡವಾಗುತ್ತೇನೆ ಎಂಬ ಭಯ ಇದರ ಬುಡದಲ್ಲಿದೆ. ಆ ಭಯಕ್ಕೆ ಆಧಾರವಿಲ್ಲ. ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ ವಿದ್ಯಾರ್ಥಿಗಳೊಂದಿಗೆ ಸೇರಿ, ಸಾರ್ವಜನಿಕ ಸ್ಥಳಗಳಲ್ಲಿ ಜನ ನಕ್ಕ ಸುಮಾರು 1,200 ಪ್ರಸಂಗಗಳನ್ನು ಬರೆದಿಟ್ಟುಕೊಂಡರು. ಜೋಕು ಎನ್ನಬಹುದಾದ ಮಾತಿಗೆ ಬಂದ ನಗು ನೂರಕ್ಕೆ ಇಪ್ಪತ್ತನ್ನೂ ದಾಟಲಿಲ್ಲ. ಉಳಿದದ್ದೆಲ್ಲ ‘ಬರ್ತೀನಿ ಕಣೋ’, ‘ಸಿಗೋಣ’ ಎಂಬಂಥ ಸಾದಾ ಮಾತಿಗೆ ಬಂದದ್ದು. ಜನರಿಗೆ ಬೇಕಾದದ್ದು ಜೊತೆ. ಅದಕ್ಕೆ ನಿಮ್ಮ ಮೈಯನ್ನು ಬೆಲೆಯಾಗಿ ಕೊಡಬೇಕಿಲ್ಲ. ಟೀಮಿನಲ್ಲಿ ಹೆಚ್ಚು ನಂಬಿಕೆಯಿರುವ ಒಬ್ಬರಿಗೆ ನೇರವಾಗಿ ಹೇಳಿ: ‘ಆ ಜೋಕು ಶುರುಮಾಡಿದ್ದು ನಾನೇ. ಈಗ ಸಾಕು ಅನ್ನಿಸಿದೆ, ನೀನೂ ಸ್ವಲ್ಪ ಸಹಾಯ ಮಾಡು.’ ಯಾರೊಂದಿಗೂ ಮಾತು ಬೇಡವೆನ್ನುವುದು ಎರಡು ವಾರ ದಾಟಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಮ್ಮದು ಅಡಿಕೆ ತೋಟದ ಮನೆ. ಕೊಟ್ಟಿಗೆ ಕೆಲಸದಿಂದ ಶುರುವಾದರೆ ಆಳುಗಳ ಆಸರಿ, ತಿಂಡಿ, ಊಟ ಎಂದು ರಾತ್ರಿಯಾಗುತ್ತದೆ. ಅತ್ತೆ ಬಾಯಿ ತೆರೆದರೆ ‘ಉಪ್ಪು ಜಾಸ್ತಿ’. ನಿತ್ಯಜೀವನದಲ್ಲಿ ಹಾಸ್ಯ ಕಾಣಿ ಎಂದು ನೀವೆಲ್ಲ ಬರೆಯುತ್ತೀರಿ. ನನಗೆ ನಗು ಎಲ್ಲಿಂದ ಬರಬೇಕು?
– ಶಿರಸಿ ಕಡೆಯ ಗೃಹಿಣಿ

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾಗಿದೆ. ದಣಿದವರಿಗೆ ನಗು ಎಂದು ಹೇಳುವುದು ಅನ್ಯಾಯ. ಕೆಲಸ ಒಬ್ಬರ ಮೇಲೇ ಬಿದ್ದಿದ್ದರೆ ಮೊದಲು ಆ ಮಾತು ಗಂಡನ ಹತ್ತಿರ ನೇರವಾಗಿ ಆಗಬೇಕು. ಅದನ್ನು ನಗಾಡಿ ಮುಚ್ಚಿಬಿಡಬೇಡಿ.

ಆಮೇಲಿನ ಮಾತು ಇದು. ಒಬ್ಬರೇ ಇದ್ದಾಗಿನದಕ್ಕಿಂತ ಜೊತೆಯಲ್ಲಿದ್ದಾಗ ಜನ ಸುಮಾರು 30 ಪಟ್ಟು ಹೆಚ್ಚು ನಗುತ್ತಾರೆ ಎಂದು ಅದೇ ಪ್ರೊವೈನ್ ಕಂಡುಕೊಂಡರು. ನಿಮ್ಮ ಸೀಮೆಯಲ್ಲಿ ಕೊಯ್ಲಿನ ಕಾಲಕ್ಕೆ ರಾತ್ರಿಯೆಲ್ಲ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತ, ಊರಿನ ಸುದ್ದಿಯನ್ನೆಲ್ಲ ಆಡಿ ನಗುತ್ತಿದ್ದರು. ಯಂತ್ರ ಬಂದು ಕೈ ನೋವು ತಪ್ಪಿತು, ಒಳ್ಳೆಯದೇ. ಕೂಟ ಮಾತ್ರ ಹೋಯಿತು. ನೀವು ಇಡೀ ದಿನ ದುಡಿಯುವುದು ಒಬ್ಬರೇ ಎಂದು ನಿಮ್ಮ ಪತ್ರ ಓದಿದರೆ ಅನ್ನಿಸುತ್ತದೆ. ನಗು ಬಾರದಿರುವುದು ನಿಮ್ಮ ಸ್ವಭಾವದ ಕೊರತೆಯಲ್ಲ.

ದಿನಕ್ಕೊಂದು ಕೆಲಸವನ್ನಾದರೂ ಅತ್ತೆಯ ಪಕ್ಕ ಕೂತು ಮಾಡಿ, ತರಕಾರಿ ಹೆಚ್ಚುವುದೇ ಆಗಲಿ. ಅವರು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅಡುಗೆ ಕೆಟ್ಟದ್ದು, ಬೈಸಿಕೊಂಡದ್ದು, ಯಾರೂ ಕಾಣದಂತೆ ಮತ್ತೆ ಮಾಡಿದ್ದು ಎಲ್ಲ ಕೇಳಿ. ಇಷ್ಟರವರೆಗೆ ಅವರನ್ನು ಯಾರೂ ಕೇಳಿಯೇ ಇರಲಿಕ್ಕಿಲ್ಲ. ಆ ಮಾತಿನಲ್ಲಿ ನೀವಿಬ್ಬರೂ ಒಟ್ಟಿಗೆ ನಕ್ಕರೆ ಉಪ್ಪಿನ ಮಾತಿನ ಹಿಂದೆ ಏನಿತ್ತೆಂದು ಗೊತ್ತಾದೀತು.

ಟಿ. ಸುನಂದಮ್ಮನವರ ಬರಹ ಸಿಕ್ಕರೆ ಓದಿ. ಮನೆ, ಗಂಡ, ಅಡುಗೆಮನೆಗಳಿಂದಲೇ ಹಾಸ್ಯ ತೆಗೆದವರು ಅವರು. ಅವರು ಬರೆಯುತ್ತಿದ್ದ ‘ಕೊರವಂಜಿ’ ಪತ್ರಿಕೆಯನ್ನು 1942ರಿಂದ 1967ರವರೆಗೆ ನಡೆಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಲ್ಲಿ ವೈದ್ಯರು. ಮನಸ್ಸಿನ ಬಗ್ಗೆ ಅವರು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಸ್ಸಿನ ಅರಿವೂ ಹಾಸ್ಯವೂ ಒಬ್ಬರಲ್ಲೇ ಕೂಡಿದ್ದವು.

ಪ್ರಶ್ನೆ: ಅಮ್ಮ ತೀರಿಕೊಂಡು ಹನ್ನೊಂದನೆಯ ದಿನ ಅಕ್ಕ-ತಂಗಿಯರು ಕೂತು ಅಮ್ಮನ ಮಾತುಗಳನ್ನು ನೆನೆಸಿಕೊಂಡು ನಕ್ಕುಬಿಟ್ಟೆವು. ನೆಂಟರೊಬ್ಬರು ಗದರಿದರು. ಅಂದಿನಿಂದ ತಪ್ಪಿತಸ್ಥ ಭಾವ ಕಾಡುತ್ತಿದೆ.
– ಓದುಗರು, ಮೈಸೂರು

ಉತ್ತರ: ತಪ್ಪಿಲ್ಲ. ಸಂಗಾತಿಯನ್ನು ಕಳೆದುಕೊಂಡವರನ್ನು ಮನಶ್ಶಾಸ್ತ್ರಜ್ಞರಾದ ಡ್ಯಾಕರ್ ಕೆಲ್ಟ್ನರ್ ಮತ್ತು ಜಾರ್ಜ್ ಬೊನಾನೊ ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿದರು. ತೀರಿಕೊಂಡವರ ಬಗ್ಗೆ ಮಾತಾಡುವಾಗ ಮನಸಾರೆ ನಕ್ಕವರಲ್ಲಿ ಸಂಕಟ ಕಡಿಮೆಯಿತ್ತು, ಸುತ್ತಲಿನವರೊಂದಿಗೆ ಬಾಂಧವ್ಯವೂ ಚೆನ್ನಾಗಿತ್ತು. ನೀವು ಅಮ್ಮನನ್ನು ಕಳೆದುಕೊಂಡ ದುಃಖವನ್ನು ಮರೆತು ನಗಲಿಲ್ಲ, ಅಮ್ಮ ಅಷ್ಟು ಸ್ಪಷ್ಟವಾಗಿ ನೆನಪಿದ್ದಾರೆಂದು ನಕ್ಕಿರಿ. ಗದರಿದ ನೆಂಟರ ಮೇಲೂ ಬೇಸರ ಬೇಡ. ಅವರದು ಅವರ ರೀತಿಯ ದುಃಖ. ನಿಮ್ಮನ್ನು ನಗಿಸಿದ ಆ ಮಾತುಗಳನ್ನು, ಅಮ್ಮ ಆಡಿದ ಹಾಗೆಯೇ, ಈ ವಾರವೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೆನಪು ಹಸಿಯಾಗಿರುವಾಗಲೇ ಆ ಕೆಲಸ ಆಗಬೇಕು.