ನಮ್ಮ ಎಂ.ಪಿ. ಹೌದು ಅಂದರಾ, ಇಲ್ಲ ಅಂದರಾ?

ನಿಮ್ಮ ಸಂಘದಲ್ಲಿ ಒಂದು ಪುಸ್ತಕ ಇದೆ ಅಲ್ಲವೇ? ವಾರದ ಸಭೆಗೆ ಯಾರು ಬಂದರು, ಯಾರು ಬರಲಿಲ್ಲ ಅಂತ ಅದರಲ್ಲಿ ಬರೆಯುತ್ತೀರಿ. ಯಾರು ಎಷ್ಟು ಉಳಿತಾಯ ಕಟ್ಟಿದರು ಅನ್ನೋದೂ ಇರುತ್ತದೆ. ಪುಸ್ತಕ ಇದ್ದರೆ "ನಾನೂ ಬಂದಿದ್ದೆ ಕಣಕ್ಕಾ" ಅಂತ ಯಾರೂ ಸುಳ್ಳು ಹೇಳೋಕೆ ಆಗುವುದಿಲ್ಲ.

ದೆಹಲಿಯ ಸಂಸತ್ತಿನಲ್ಲೂ ಇಂಥ ಪುಸ್ತಕ ಇದೆ. ಲೋಕಸಭೆಯಲ್ಲಿ 543 ಸ್ಥಾನ. ಕರ್ನಾಟಕದಿಂದ 28 ಜನ ಅಲ್ಲಿಗೆ ಹೋಗುತ್ತಾರೆ. ಅವರಲ್ಲಿ ಒಬ್ಬರನ್ನು ಆರಿಸಲು ನೀವು ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದಿರಿ. ಆಮೇಲೆ ಅವರು ಅಲ್ಲಿ ಏನು ಮಾಡಿದರು? ಯಾವ ಕಾನೂನಿಗೆ ಹೌದು ಅಂದರು, ಯಾವುದಕ್ಕೆ ಇಲ್ಲ ಅಂದರು?

ಇದನ್ನು ತಿಳಿಯುವುದು ಅಷ್ಟು ಸುಲಭ ಅಲ್ಲ. ಹೆಚ್ಚಿನ ಮಸೂದೆಗಳು ಧ್ವನಿಮತದಿಂದ ಪಾಸಾಗುತ್ತವೆ. ಒಪ್ಪುವವರು ಹೌದು ಅಂತ ಕೂಗುತ್ತಾರೆ. ಒಪ್ಪದವರು ಇಲ್ಲ ಅಂತ ಕೂಗುತ್ತಾರೆ. ಯಾವ ಕೂಗು ಜೋರು ಅಂತ ಸಭಾಧ್ಯಕ್ಷರು ಹೇಳುತ್ತಾರೆ. ಮುಗಿಯಿತು! 2013ರಲ್ಲಿ ಆಹಾರ ಭದ್ರತಾ ಮಸೂದೆ ಲೋಕಸಭೆಯಲ್ಲಿ ಪಾಸಾಗಿದ್ದು ಹೀಗೇ. ರೇಷನ್ ಅಕ್ಕಿ ನಮ್ಮ ಹಕ್ಕು ಆಗಿದ್ದು ಆ ಕಾನೂನಿನಿಂದ. ಆದರೆ ಕೊನೆಗೆ ಹೌದು ಅಂದವರು ಯಾರು ಯಾರು? ಹೆಸರಿನ ಪಟ್ಟಿ ಇಲ್ಲ.

ಯಾರಾದರೂ ಸದಸ್ಯರು "ಎಣಿಸಿ" ಅಂತ ಹಟ ಹಿಡಿದರೆ ಮಾತು ಬೇರೆ. ಆಗ ಗುಂಡಿ ಒತ್ತಿ, ಇಲ್ಲವೇ ಚೀಟಿ ಕೊಟ್ಟು ಮತ ಹಾಕಬೇಕು. ಹೆಸರು ದಾಖಲೆಗೆ ಹೋಗುತ್ತದೆ. ಸಂವಿಧಾನ ತಿದ್ದುವಾಗಲಂತೂ ಎಣಿಸಲೇಬೇಕು. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಮೀಸಲಿಡುವ ಮಸೂದೆ 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ ಮತಕ್ಕೆ ಬಂತು. ಹೌದು ಅಂದವರು 454 ಜನ. ಇಲ್ಲ ಅಂದವರು ಇಬ್ಬರೇ. ನಿಮ್ಮ ಎಂ.ಪಿ. ಆ ದಿನ ಇದ್ದರೋ ಇಲ್ಲವೋ, ದಾಖಲೆ ಹೇಳುತ್ತದೆ.

ಇನ್ನೊಂದು ತೊಡಕು ಇದೆ. ಪಕ್ಷಗಳು ತಮ್ಮ ಸದಸ್ಯರಿಗೆ "ಹೀಗೇ ಮತ ಹಾಕಿ" ಅಂತ ಆಜ್ಞೆ ಕೊಡುತ್ತವೆ. ಇದಕ್ಕೆ ವಿಪ್ ಅನ್ನುತ್ತಾರೆ. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂತು. ಅಂದಿನಿಂದ ವಿಪ್ ಮೀರಿದವರ ಸ್ಥಾನವೇ ಹೋಗಬಹುದು. ಹಾಗಾಗಿ ಹೌದು ಅಂದದ್ದು ಅವರ ಮನಸ್ಸೋ, ಪಕ್ಷದ ಮಾತೋ, ಹೇಳುವುದು ಕಷ್ಟ.

ಹಾಗಾದರೆ ಏನನ್ನು ನೋಡಬೇಕು? ದೆಹಲಿಯಲ್ಲಿ ಪಿ.ಆರ್.ಎಸ್. ಅನ್ನುವ ಸಂಸ್ಥೆ ಇದೆ. 2005ರಲ್ಲಿ ಶುರುವಾಯಿತು. ಅವರು ಸಂಸತ್ತಿನ ದಾಖಲೆಯಿಂದಲೇ ಲೆಕ್ಕ ತೆಗೆದು ಪ್ರತಿ ಎಂ.ಪಿ.ಗೂ ಒಂದು ಪುಟ ಮಾಡಿ ಇಂಟರ್ನೆಟ್ಟಿಗೆ ಹಾಕುತ್ತಾರೆ. ಹಾಜರಿ ಎಷ್ಟು, ಎಷ್ಟು ಪ್ರಶ್ನೆ ಕೇಳಿದರು, ಎಷ್ಟು ಚರ್ಚೆಯಲ್ಲಿ ಮಾತಾಡಿದರು, ಎಲ್ಲ ಅಲ್ಲಿದೆ. ಶಾಲೆಯ ಮಕ್ಕಳ ಅಂಕಪಟ್ಟಿ ಇದ್ದ ಹಾಗೆ.

ಆದರೆ ಅಂಕಪಟ್ಟಿಯನ್ನೂ ಜಾಣತನದಿಂದ ಓದಬೇಕು. ಮಂತ್ರಿಗಳು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ. ಉತ್ತರ ಕೊಡಬೇಕಾದವರು ಅವರೇ ತಾನೇ! ಅವರ ಪುಟ ಖಾಲಿ ಇದ್ದರೆ ಸಭೆಗೆ ಬರಲಿಲ್ಲ ಅಂತ ಅಲ್ಲ. ಇನ್ನು ಕೆಲವರ ಹಾಜರಿ ತುಂಬಾ ಇರುತ್ತದೆ, ಬಾಯಿ ಮಾತ್ರ ತೆರೆದಿರುವುದಿಲ್ಲ. ನನ್ನನ್ನು ಕೇಳಿದರೆ ಮೊದಲು ಪ್ರಶ್ನೆಗಳನ್ನು ನೋಡಿ. ಎಷ್ಟು ಅನ್ನುವುದಕ್ಕಿಂತ ಯಾವುದರ ಬಗ್ಗೆ ಅನ್ನುವುದು ಮುಖ್ಯ. ಕುಡಿಯುವ ನೀರು, ಅಂಗನವಾಡಿ, ಹೆರಿಗೆ ಆಸ್ಪತ್ರೆ, ಇವುಗಳ ಬಗ್ಗೆ ಒಂದಾದರೂ ಪ್ರಶ್ನೆ ಇದೆಯೇ? ಪ್ರಶ್ನೆಗೆ ಮಂತ್ರಿ ಕೊಟ್ಟ ಉತ್ತರವೂ ಸಂಸತ್ತಿನ ದಾಖಲೆಯಲ್ಲಿ ಸಿಗುತ್ತದೆ.

ಮಾಡಿ ನೋಡಿ
ಮನೆಯಲ್ಲಿ ಮಗಳ ಮೊಬೈಲು ಇದ್ದರೆ ನಿಮ್ಮ ಎಂ.ಪಿ.ಯ ಪುಟ ತೆಗೆಸಿ. ಇಂಗ್ಲಿಷ್ ಮಾತನ್ನು ಅವಳು ಓದಿ ಹೇಳಲಿ. ಅಂಕಿಗಳನ್ನು ನೀವೇ ಓದಿ. ಸಂಘದ ಪುಸ್ತಕದ ಹಿಂದಿನ ಹಾಳೆಯಲ್ಲಿ ಹೆಸರು, ಹಾಜರಿ, ಪ್ರಶ್ನೆ ಅಂತ ಗೆರೆ ಎಳೆದು ಬರೆಯಿರಿ. ತಾರೀಖು ಹಾಕುವುದು ಮರೆಯಬೇಡಿ. ಎಂ.ಪಿ. ಊರಿಗೆ ಬಂದ ದಿನ ಆ ಹಾಳೆ ನಿಮ್ಮ ಕೈಯಲ್ಲಿರಲಿ.